ಅಂಟು ಒಣಗುವ ತನಕ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನ ಮೀಸೆಯ ತುಂಬ ಮರದ ಹೊಟ್ಟು.

“ನನ್ನ ತಮ್ಮ ಎಲ್ರೀ?”

“ಕಪಾಟಿನ ಒಳಗೆ.”

“ಒಳಗಾ?”

“ಕಪಾಟನ್ನ ಬೋರಲು ಹಾಕಿ ಹಿಂದಿನ ಹಲಗೆ ಅಂಟಿಸಿದೆ. ಅಡ್ಡಹಲಗೆ ಹಿಡ್ಕೊಳ್ಳೋಕೆ ಒಳಗೊಬ್ಬರು ಬೇಕಿತ್ತು.”

“ಅಯ್ಯೋ, ಎತ್ತಿ ಬಾಗಿಲು ತೆಗೀರಿ!”

“ಅಂಟು ಒಣಗೋದು ನಾಳೆ. ಈಗ ಅಲ್ಲಾಡಿಸಿದ್ರೆ ಮೂಲೆ ಬಿಟ್ಕೊಳ್ಳುತ್ತೆ.”

“ಹಲಗೆ ಕೊಯ್ದುಬಿಡಿ!”

“ಸಾಗುವಾನಿ ಕಣೇ! ಕೊಯ್ಯೋಕೆ ಮನಸ್ಸು ಬರುತ್ತಾ? ಅವನೇ ಒಳಗಿಂದ ‘ಬೇಡ ಬಾವ’ ಅಂದ.”

“ಉಸಿರಾಡೋಕೆ?”

“ನಾನು ಜೋಡಿಸಿದ್ದು ತಾನೇ, ಸಂದಿಗೇನೂ ಬರವಿಲ್ಲ.”

ಅವರ ಸರದಿ ಬಂತು.

“ಬಾಳೆಹಣ್ಣು ತೂರೋವಷ್ಟು ತೂತು ಕೊರೆಯೋ ಡ್ರಿಲ್ ಬಿಟ್ ಕೊಡಿ,” ಎಂದಳು ಹೆಂಡತಿ.

ಗಂಡನ ಮುಖ ಸಪ್ಪಗಾಯಿತು.

“ಹಿಂದುಗಡೆ ತಾನೇ? ಗೋಡೆ ಕಡೆ ಹೋಗುತ್ತೆ ಬಿಡಿ,” ಎಂದು ಅವಳೇ ಸಮಾಧಾನ ಹೇಳಿದಳು.

ಬಾಗಿಲು ದಾಟುವಾಗಲೂ ಅವಳ ದನಿ ಕೇಳಿಸುತ್ತಿತ್ತು:

“ಸಿಪ್ಪೆ ಒಳಗೇ ಬಿಸಾಕಬೇಡ ಅಂತ ಹೇಳಿ ಅವನಿಗೆ. ಹೊಸ ಕಪಾಟು!”