ನಾನೂರ ಹನ್ನೆರಡು ಫೋಟೋ, ಆಮೇಲೆ ಒಂದು

ಇದು ಯಾರೋ ಎಲ್ಲೋ ಕೇಳಿ ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗನಿಗೇ ಆಗಿದ್ದು. ಅರ್ಧ ಅವನ ಬಾಯಿಂದ ಕೇಳಿದ್ದೀನಿ, ಇನ್ನರ್ಧ ನಾನೇ ಕಣ್ಣಾರೆ ನೋಡಿದ್ದೀನಿ... ಬಾಗಿಲ ಹತ್ತಿರ ಇರೋರು ಸ್ವಲ್ಪ ಒಳಗೆ ಸರಿದು ಕೂತ್ಕೊಳ್ಳಿ. ನಾನು ಜೋರಾಗಿ ಹೇಳಲ್ಲ.

ಅಣ್ಣನದು ಮೊಬೈಲ್ ರಿಪೇರಿ ಅಂಗಡಿ. ಇಬ್ಬರು ಒಳಗೆ ಬಂದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟೇ ಜಾಗ. ಸಣ್ಣ ಸ್ಕ್ರೂ ಎತ್ತೋ ಚಿಮಟ ಸದಾ ಅವನ ಅಂಗಿ ಜೇಬಲ್ಲಿ ಇರ್ತಿತ್ತು. ಅದಕ್ಕೆ ಎಲ್ಲರೂ ಅವನನ್ನ ಚಿಮಟ ಅಂತಲೇ ಕರೀತಿದ್ದರು, ಅತ್ತಿಗೆಯೂ ಸೇರಿ. ದೆವ್ವ ಗಿವ್ವ ಅಂದರೆ ನಗೋ ಆಸಾಮಿ. "ದಿನಕ್ಕೆ ಹತ್ತು ಸತ್ತ ಫೋನ್ ಎಬ್ಬಿಸ್ತೀನಿ, ನನ್ನನ್ನ ಕಂಡರೆ ದೆವ್ವವೇ ಹೆದರಬೇಕು" ಅನ್ನೋನು.

ಅವತ್ತು ಅಂಗಡಿ ಮುಚ್ಚೋ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು. ಮನೆಗೆ ಹೋಗೋ ದಾರೀಲಿ ಹಳೇ ಪಂಪ್ ಮನೆ, ಅದರ ಪಕ್ಕಕ್ಕೆ ಬಾವಿ. ಒಂದು ಕಾಲಕ್ಕೆ ಬಡಾವಣೆಗೆಲ್ಲ ಅದೇ ನೀರು. ಹೊಸ ಕೊಳಾಯಿ ಬಂದ ಮೇಲೆ ಆ ಬಾವಿ ಯಾರಿಗೂ ಬೇಡವಾಯ್ತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದರು. ಜಾಲರಿಯ ಒಂದು ಸರಳು ಮಾತ್ರ ಮುರಿದು ಒಳಕ್ಕೆ ಬಾಗಿತ್ತು.

ಅಣ್ಣ ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಾನೆ... ಹಿಂದಿನಿಂದ ಸದ್ದು.

ಚಿಟಕ್.

ಕಡ್ಡಿ ಮುರಿದ ಸದ್ದಲ್ಲ. ಫೋನಲ್ಲಿ ಫೋಟೋ ತೆಗೆದಾಗ ಬರುತ್ತಲ್ಲ, ಅದು. ದಿನಾ ನೂರು ಸಲ ಆ ಸದ್ದು ಕೇಳೋ ಕಿವಿ ಅವನದು, ತಪ್ಪೋ ಮಾತೇ ಇಲ್ಲ. ಬಾವಿಯೊಳಗಿಂದ ಬಂದಿದ್ದರಿಂದ ಹಿಂದೆಯೇ ಒಂದು ಸಣ್ಣ ಗುಂಯ್ ಇತ್ತು.

ಯಾರದೋ ಫೋನ್ ಬಿದ್ದಿರಬೇಕು ಅಂದುಕೊಂಡು ಅವನು ವಾಪಸ್ ಬಂದ. ಟಾರ್ಚ್ ಹಾಕಿ ಬಗ್ಗಿದ. ಬಗ್ಗಿದ್ದಕ್ಕೆ ಜೇಬಲ್ಲಿದ್ದ ಚಿಮಟ ಜಾರಿ ಜಾಲರಿಗೆ ತಗುಲಿತು. ಟಿಣ್... ಬೀಳೋಕೆ ಮುಂಚೆ ಹಿಡಕೊಂಡ. ಕೆಳಗೆ ಏನೂ ಕಾಣಲಿಲ್ಲ. ಕಪ್ಪು ನೀರು. ಕಲ್ಲಿನಿಂದ ಹನಿ ಬೀಳ್ತಿತ್ತು, ತೊಟ್... ತೊಟ್...

ಚಿಟಕ್.

ಈ ಸಲ ನೇರ ಅವನ ಮುಖಕ್ಕೆ.

ಓಡಲಿಲ್ಲ ಅಂತ ಅವನು ಹೇಳ್ತಾನೆ. ಆದರೆ ಮನೆ ಬಾಗಿಲು ಬರೋವರೆಗೂ ಹಿಂದಕ್ಕೆ ತಿರುಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ಎತ್ತೋಕೆ ಹೋದರೆ ಮೆಟ್ಟಿಲ ಮೇಲೆ ಇಸ್ತ್ರಿಯಮ್ಮ ಕೂತಿದ್ದಳು. ಆಕೆ ಮೂಲೆ ಮನೆ ಜಗುಲೀಲಿ ಬಟ್ಟೆ ಇಸ್ತ್ರಿ ಮಾಡೋಳು. ಎರಡೂ ಮುಂಗೈ ತುಂಬ ಸುಟ್ಟ ಕಲೆ. ಒಬ್ಬಳೇ ಮಗಳು. ಆ ಹುಡುಗಿ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಪಾಸ್‌ಪೋರ್ಟ್‌ಗೆ, ಅರ್ಜಿಗೆ ಅಂತ ಯಾರೇ ಹೋದರೂ ಅವಳೇ ತೆಗೆಯೋಳು. ಎರಡು ತಿಂಗಳ ಹಿಂದೆ ಕಾಣೆಯಾಗಿದ್ದಳು. ಗಂಡ, ಅಂದರೆ ಇಸ್ತ್ರಿಯಮ್ಮನ ಅಳಿಯ, "ಯಾರ ಜೊತೆಗೋ ಓಡಿಹೋದಳು" ಅಂತ ಊರಿಗೆಲ್ಲ ಹೇಳಿದ್ದ. ಊರೂ ನಂಬಿತ್ತು.

ಇಸ್ತ್ರಿಯಮ್ಮ ದಿಂಬಿನ ಚೀಲದಿಂದ ಒಂದು ಹಳೇ ಫೋನ್ ತೆಗೆದಳು. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿತ್ತು.

"ಇದಕ್ಕೆ ಜೀವ ಬರುತ್ತೇನಪ್ಪ?"

"ಬರುತ್ತೆ. ಆದರೆ ಇದಕ್ಕೆ ಯಾಕೆ ದುಡ್ಡು ಹಾಕ್ತೀರಮ್ಮ? ತುಂಬ ಹಳೇದು."

"ಪೊಲೀಸರು ಮಗಳ ಫೋಟೋ ಕೇಳ್ತಿದ್ದಾರೆ. ಊರವರದೆಲ್ಲ ತೆಗೆದಳು, ಅವಳದು ಒಂದೂ ನನ್ನ ಹತ್ರ ಇಲ್ಲ. ದೀಪದ ಬುಡ ಕತ್ತಲೆ ಅಂತಾರಲ್ಲ, ಹಾಗಾಯ್ತು. ಮದುವೆ ಫೋಟೋನೆಲ್ಲ ಅಳಿಯ ಸಿಟ್ಟಲ್ಲಿ ಹರಿದು ಹಾಕಿದನಂತೆ." ಫೋನ್ ಕಡೆ ಕೈ ಮಾಡಿದಳು. "ಇದರಲ್ಲಿ ಅವಳೇ ಏನೋ ಮಾಡಿಕೊಟ್ಟಿದ್ದಳು. ಅವಳು ಅಲ್ಲಿ ಫೋಟೋ ತೆಗೆದರೆ ನನಗೆ ಇಲ್ಲಿ ಕಾಣ್ತಿತ್ತು."

ಅಣ್ಣನಿಗೆ ಗೊತ್ತಾಯ್ತು. ಮಗಳು ತನ್ನ ಖಾತೆಯನ್ನ ಅಮ್ಮನ ಫೋನಲ್ಲೂ ತೆರೆದು ಕೊಟ್ಟಿದ್ದಳು. ಪಾಸ್‌ವರ್ಡ್ ಬೇಕಾಗಿಲ್ಲ, ಓಟಿಪಿಯ ರಗಳೆ ಇಲ್ಲ.

"ಹಾಗಾದರೆ ಫೋಟೋ ಫೋನಲ್ಲಿಲ್ಲ ಅಮ್ಮ. ಕ್ಲೌಡಲ್ಲಿವೆ."

"ಎಲ್ಲಿ?"

"ದೂರದಲ್ಲಿ ದೊಡ್ಡ ದೊಡ್ಡ ಯಂತ್ರ ಇರ್ತವೆ, ಅಲ್ಲಿಗೆ ಒಂದು ಪ್ರತಿ ಹೋಗಿ ಕೂತಿರುತ್ತೆ. ಫೋನ್ ಕಳೆದುಹೋದರೂ ಅದು ಇರುತ್ತೆ."

"ಮನುಷ್ಯರು ಕಳೆದುಹೋದರೆ?"

ಅಣ್ಣ ಬ್ಯಾಟರಿ ಹುಡುಕೋ ನೆಪದಲ್ಲಿ ಆ ಕಡೆ ತಿರುಗಿದ.

ಹೊಸ ಬ್ಯಾಟರಿ ಹಾಕಿ, ಅಂಗಡಿಯ ವೈಫೈ ಕೊಟ್ಟು, ಫೋಟೋಗಳನ್ನ ತೆರೆದ. ಖಾಲಿ. ಒಂದೇ ಒಂದು ಇಲ್ಲ. ಇಸ್ತ್ರಿಯಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತಳು.

"ತಡೀರಿ" ಅಂದ ಅಣ್ಣ. "ಅಳಿಸಿದ ಫೋಟೋ ಕೂಡಲೇ ಹೋಗಲ್ಲ. ಅರವತ್ತು ದಿನ ಕಸದ ಬುಟ್ಟೀಲಿ ಬಿದ್ದಿರುತ್ತೆ."

ಕಸದ ಬುಟ್ಟಿ ತೆರೆದ. ನಾನೂರ ಹನ್ನೆರಡು ಫೋಟೋ. ಪ್ರತಿಯೊಂದರ ಮೂಲೇಲೂ ಇನ್ನು ಎರಡು ದಿನ ಅಂತ ಬರೆದಿತ್ತು. ಅಂದರೆ ಎಲ್ಲಾನೂ ಅಳಿಸಿದ್ದು ಒಂದೇ ರಾತ್ರಿ. ಲೆಕ್ಕ ಹಾಕಿದರೆ ಅದೇ ರಾತ್ರಿ ಅವಳು ಓಡಿಹೋದಳು ಅಂತ ಅಳಿಯ ಹೇಳಿದ್ದು.

ಅಣ್ಣ ಎಲ್ಲಾನೂ ಆರಿಸಿ ವಾಪಸ್ ತರಿಸಿದ. ಒಂದೊಂದೇ ಚೌಕ ತುಂಬ್ತಾ ಬಂತು. ಮಗಳು ಸ್ಟುಡಿಯೋ ಕನ್ನಡಿ ಮುಂದೆ. ಮಗಳು ಅಮ್ಮನ ಇಸ್ತ್ರಿ ಪೆಟ್ಟಿಗೆ ಎತ್ತೋಕೆ ಹೋಗಿ ಮುಖ ಕಿವುಚಿಕೊಂಡಿದ್ದು. ಇಸ್ತ್ರಿಯಮ್ಮ ಕೆನ್ನೆ ಸವರೋಕೆ ಅಂತ ಬೆರಳಿಟ್ಟಳು, ಮುಖ ದಿಢೀರ್ ಅಂತ ದೊಡ್ಡದಾಯ್ತು. ಸುಟ್ಟವಳ ಹಾಗೆ ಕೈ ಎಳಕೊಂಡಳು.

"ಹೋಗೋಳಾದರೆ ಹೋಗ್ತಿದ್ದಳು" ಅಂದಳು ಮೆಲ್ಲಗೆ. "ನನ್ನ ಫೋಟೋನೂ ಯಾಕೆ ಅಳಿಸ್ತಾಳೆ?"

ಅಷ್ಟರಲ್ಲಿ ಅಣ್ಣನ ಕಣ್ಣು ಸಂಖ್ಯೆ ಮೇಲೆ ಬಿತ್ತು. ನಾನೂರ ಹದಿಮೂರು.

ತುದೀಲಿ ಒಂದು ಹೊಸದು ಸೇರಿತ್ತು. ಅಳಿಸಿದ್ದಲ್ಲ, ವಾಪಸ್ ತರಿಸಿದ್ದೂ ಅಲ್ಲ. ತೆಗೆದ ಹೊತ್ತು, ನಿನ್ನೆ ರಾತ್ರಿ ಹನ್ನೊಂದು ಇಪ್ಪತ್ತು. ನೋಡೋಕೆ ಬರೀ ಕಪ್ಪು. ಅಣ್ಣ ಬೆಳಕು ಹೆಚ್ಚಿಸ್ತಾ ಹೋದ... ಸುತ್ತ ಕಲ್ಲಿನ ಗೋಡೆ. ಮೇಲೆ, ತುಂಬ ದೂರದಲ್ಲಿ, ತಟ್ಟೆಯಷ್ಟು ದುಂಡಗಿನ ಆಕಾಶ. ಅದರ ಮೇಲೆ ಅಡ್ಡಡ್ಡ ಗೆರೆ. ಒಂದು ಗೆರೆ ಮುರಿದು ಕೆಳಕ್ಕೆ ಬಾಗಿದೆ. ಅಂಚಿನಿಂದ ಯಾರೋ ಟಾರ್ಚ್ ಹಿಡಿದು ಬಗ್ಗಿದ್ದಾರೆ. ಇನ್ನೊಂದು ಕೈಯಲ್ಲಿ ಚಿಮಟ.

ಅಣ್ಣ ಫೋನನ್ನ ಮಗುಚಿ ಇಡೋಕೆ ಹೋದ. ಇಸ್ತ್ರಿಯಮ್ಮ ಅವನ ಮಣಿಕಟ್ಟು ಹಿಡಿದಳು.

"ಅದು ಪಂಪ್ ಮನೆ ಬಾವಿ" ಅಂದಳು. "ಅದರ ಬೀಗದ ಕೈ ನನ್ನ ಅಳಿಯನ ಹತ್ರ ಇದೆ. ಆಗ ಪಂಪ್ ನೋಡಿಕೊಳ್ತಿದ್ದೋನು ಅವನೇ."

ಮಧ್ಯಾಹ್ನ ಇಬ್ಬರೂ ಠಾಣೆಗೆ ಹೋದರು. ಪೇದೆ ಫೋಟೋನ ತಿರುಗಿಸಿ ಮುರುಗಿಸಿ ನೋಡಿ, "ಇದೇನು ಗ್ರಹಣದ ಫೋಟೋನಾ?" ಅಂದ. ಆಮೇಲೆ ಆ ತಾಯಿಯ ಮುಖ ನೋಡಿ ನಗು ನುಂಗಿಕೊಂಡ. "ನಾಳೆ ಬೆಳಿಗ್ಗೆ ಸಾಹೇಬರು ಬರ್ತಾರೆ, ಬಾವಿ ನೋಡಿಸೋಣ."

ಸಂಜೆ ಅಳಿಯನೇ ಅಂಗಡಿಗೆ ಬಂದ. ಸಾಧು ಮುಖದೋನು. ಗಟ್ಟಿ ಮಾತಾಡಿದ್ದು ಯಾರೂ ಕೇಳಿಲ್ಲ.

"ನಮ್ಮತ್ತೆ ಏನೋ ಫೋನ್ ಕೊಟ್ಟಿದ್ದಾರಂತೆ. ಕೊಟ್ಟುಬಿಡಿ. ಮಗಳ ಕೊರಗಲ್ಲಿ ಅವರಿಗೆ ತಲೆ ನಿಂತಿಲ್ಲ."

"ಇನ್ನೂ ರಿಪೇರಿ ಆಗಿಲ್ಲ" ಅಂದ ಅಣ್ಣ.

ಅಳಿಯನ ನೋಟ ಮೇಜಿನ ಮೇಲೆ ಹೋಯ್ತು. ಅಲ್ಲಿ ಫೋನ್ ಬೆಳಗ್ತಾನೇ ಇತ್ತು, ಸಾಲಾಗಿ ಹೆಂಡತಿಯ ಮುಖಗಳು. ಅವನು ಅದನ್ನ ನೋಡ್ತಿರೋವಾಗಲೇ ಫೋನ್ ಟುಂಯ್ ಅಂತು. ಹೊಸದೊಂದು ಕಪ್ಪು ಚೌಕ ಬಂದು ಸೇರಿತು. ಅವನ ತುಟಿಯ ಬಣ್ಣ ಇಳಿದುಹೋಯ್ತು. ಫೋನ್ ಕೇಳೋದನ್ನೂ ಬಿಟ್ಟು ಹೊರಟುಹೋದ. ಅಣ್ಣ ಆ ಫೋಟೋಗೆ ಬೆಳಕು ಕೊಟ್ಟು ನೋಡಿದ. ಅದೇ ದುಂಡು ಆಕಾಶ. ಆದರೆ ತಟ್ಟೆಯಷ್ಟಿದ್ದದ್ದು ಈಗ ಮೊರದಷ್ಟಾಗಿತ್ತು. ತೆಗೆದೋರು ಮೇಲಕ್ಕೆ ಬರ್ತಿದ್ದರು.

ಅವತ್ತು ರಾತ್ರಿ ಊಟದ ಡಬ್ಬಿ ತಗೊಂಡು ಹೋಗಿದ್ದು ನಾನು. ಅಂಗಡಿ ಬಾಗಿಲು ಅರ್ಧ ಇಳಿದಿತ್ತು. ಒಳಗೆ ಅಣ್ಣ, ಇಸ್ತ್ರಿಯಮ್ಮ, ಮಧ್ಯ ಆ ಫೋನ್. ಡಬ್ಬಿ ಯಾರೂ ತೆರೆಯಲಿಲ್ಲ. ಅಣ್ಣ ನಡೆದದ್ದೆಲ್ಲ ಪಿಸುಮಾತಲ್ಲಿ ಹೇಳಿದ. ನಾನು ನಕ್ಕೆ... ನಿಜ ಹೇಳ್ತೀನಿ, ನಕ್ಕೆ.

ಹನ್ನೊಂದು ನಲವತ್ತಕ್ಕೆ ಟುಂಯ್.

ದುಂಡು ಆಕಾಶ, ಅಂಚಲ್ಲಿ ಟಾರ್ಚ್ ಬೆಳಕು. ಹಿಂದೆ ಒಂದು ಮುಖ.

"ಅಳಿಯ" ಅಂದಳು ಇಸ್ತ್ರಿಯಮ್ಮ.

ಟುಂಯ್. ಈಗ ಅಡ್ಡ ಗೆರೆ ಇಲ್ಲ. ಅವನು ಜಾಲರಿ ತೆಗೆದಿದ್ದ.

"ಅವಳ ಫೋನ್ ಇನ್ನೂ ಬಾವೀಲಿದೆಯಾ ಅಂತ ನೋಡೋಕೆ ಬಂದಿದ್ದಾನೆ" ಅಂದ ಅಣ್ಣ, ಉಸಿರಿನಷ್ಟು ಮೆಲ್ಲಗೆ.

ಟುಂಯ್. ಬಾವಿಯ ಕಟ್ಟೆ, ಪಕ್ಕದಲ್ಲೇ, ಹಾವಸೆ ಕಾಣೋವಷ್ಟು ಹತ್ತಿರ. ಕಟ್ಟೆಯಾಚೆ ಎರಡು ಪಾದ.

ಟುಂಯ್. ನೆಲದ ಮಟ್ಟದಿಂದ ತೆಗೆದಿದ್ದು. ಅವನು ಹಿಂದಕ್ಕೆ ಬಿದ್ದಿದ್ದಾನೆ, ಬಾಯಿ ತೆರೆದಿದೆ.

ಟುಂಯ್. ನಿಂತವರ ಎತ್ತರದಿಂದ.

ಆಮೇಲೆ ಬಂದಿದ್ದೆಲ್ಲ ಒಂದೇ ಥರ. ಟುಂಯ್, ಟುಂಯ್, ಟುಂಯ್... ಅವನ ಮುಖ, ಎದೆ ಮಟ್ಟಕ್ಕೆ, ನೇರ ಎದುರಿನಿಂದ. ಹಿಂದೆ ಪಂಪ್ ಮನೆಯ ಬಿಳಿ ಗೋಡೆ.

ಮೊದಲು ಎದ್ದಿದ್ದು ಇಸ್ತ್ರಿಯಮ್ಮ. ಠಾಣೆಗೆ ಓಡಿದೆವು. ಪೇದೆ ಮೊದಲು ಬೈಯೋಕೆ ಬಾಯಿ ತೆರೆದ. ಅವನ ಅಂಗೈಯಲ್ಲಿ ಇರೋವಾಗಲೇ ಫೋನ್ ಮೂರು ಸಲ ಟುಂಯ್ ಅಂತು. ಟೋಪಿ ಹುಡುಕಲೂ ನಿಲ್ಲದೆ ಹೊರಟ.

ನಾವು ಹೋದಾಗ ಅಳಿಯ ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬೆನ್ನು ನೆಟ್ಟಗೆ. ಎರಡೂ ಕೈ ಮೊಣಕಾಲ ಮೇಲೆ. ಗದ್ದ ಒಂದಿಷ್ಟು ಮೇಲೆ. ಕಣ್ಣಿಂದ ನೀರು ಸುರೀತಿತ್ತು, ರೆಪ್ಪೆ ಮಾತ್ರ ಬಡೀತಿರಲಿಲ್ಲ. ಅವನ ಮುಂದೆ ಯಾರೂ ಇರಲಿಲ್ಲ. ಮೂರು ಮಾರು ಆಚೆ ನೆಲ ಒದ್ದೆಯಾಗಿತ್ತು, ಅಷ್ಟೇ.

ಪೇದೆ ಭುಜ ಅಲುಗಿಸಿದ. "ಏಳಯ್ಯ. ಏನು ಮಾಡ್ತಿದ್ದೀಯ ಇಲ್ಲಿ?"

ಅಳಿಯ ತುಟಿ ಮಾತ್ರ ಆಡಿಸಿದ. "ಅಲುಗಾಡಬೇಡಿ ಅಂದಿದ್ದಾಳೆ... ಇನ್ನೂ ಸರಿಯಾಗಿ ಬಂದಿಲ್ಲವಂತೆ."

ಅವನನ್ನ ಹಾಗೇ, ಕೂತ ಭಂಗಿಯಲ್ಲೇ, ಎತ್ತಿ ಜೀಪಿಗೆ ಹಾಕಬೇಕಾಯ್ತು.

ಬೆಳಿಗ್ಗೆ ಅಗ್ನಿಶಾಮಕದವರು ಬಾವಿಗೆ ಇಳಿದರು. ಹುಡುಗಿ ಅಲ್ಲೇ ಇದ್ದಳು. ಸೊಂಟಕ್ಕೆ ಹಳೇ ಪಂಪಿನ ಚಕ್ರ ಕಟ್ಟಿತ್ತು. ಹೆಚ್ಚು ಹೇಳಲ್ಲ, ಮಕ್ಕಳೂ ಕೇಳ್ತಿದ್ದಾರೆ. ಇಸ್ತ್ರಿಯಮ್ಮ ಬಳೆ ನೋಡಿ ಗುರುತು ಹಿಡಿದಳು. ಅಳಲಿಲ್ಲ. ಮನೆಗೆ ಹೋಗಿ ಕೆಂಡ ಹಾಕಿ, ಮಗಳಿಗೆ ಹೊದಿಸೋ ಬಿಳಿ ಬಟ್ಟೆಗೆ ತಾನೇ ಇಸ್ತ್ರಿ ಮಾಡಿಕೊಂಡು ಬಂದಳು. ಒಂದು ಸುಕ್ಕಿಲ್ಲದ ಹಾಗೆ. ಅಂಗಡೀಲಿ ವಾಪಸ್ ತರಿಸಿದ ಫೋಟೋಗಳಲ್ಲಿ ಕನ್ನಡಿ ಮುಂದಿನದ್ದನ್ನ ಅಣ್ಣ ದೊಡ್ಡದಾಗಿ ಮಾಡಿಸಿ ಕೊಟ್ಟ. ಕಾಣೆಯಾದೋರ ಪಟ್ಟಿಗೆ ಅದು ಬೇಕಾಗಲಿಲ್ಲ. ಆಕೆಯ ಗೋಡೆ ಮೇಲಿದೆ.

ಅಳಿಯ ಎರಡು ದಿನ ಆದ ಮೇಲೆ ಬಾಯಿ ಬಿಟ್ಟ. ಜಗಳ ಆಗಿದ್ದು, ಹೊಡೆದಿದ್ದು, ಅವಳ ಫೋನಿಂದ ಎಲ್ಲ ಫೋಟೋ ಅಳಿಸಿದ್ದು, ಕೊನೆಗೆ ಫೋನನ್ನೂ ಅವಳ ಹಿಂದೆಯೇ ಬಾವಿಗೆ ಎಸೆದಿದ್ದು, ಎಲ್ಲ ಒಪ್ಪಿಕೊಂಡ.

ಇನ್ನೊಂದೇ ಮಾತು ಇರೋದು. ಬಾವಿಯಿಂದ ತೆಗೆದ ಆ ಫೋನನ್ನ ಬಿಚ್ಚಿ ನೋಡೋಕೆ ಪೊಲೀಸರು ಅಣ್ಣನನ್ನೇ ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ. ಅದು ಹಿಂದಿನ ಮುಚ್ಚಳ ಕೈಯಲ್ಲೇ ತೆಗೆಯೋ ಹಳೇ ಮಾದರಿ. ಅಣ್ಣ ಮುಚ್ಚಳ ತೆಗೆದ. ಒಳಗೆ ಕೆಸರು, ಒಂದು ಸಣ್ಣ ಶಂಖದ ಹುಳ. ಬ್ಯಾಟರಿ ಇರೋ ಜಾಗ ಖಾಲಿ.

ಬ್ಯಾಟರಿ ಸಿಕ್ಕಿದ್ದು ಅಳಿಯನ ಸ್ವಂತ ಫೋನಲ್ಲಿ. ಅವನದೂ ಅದೇ ಮಾದರಿ. ಹೊಸ ಬ್ಯಾಟರಿ, ಸುಮ್ಮನೆ ಯಾಕೆ ಹಾಳು ಮಾಡೋದು ಅಂತ ಎಸೆಯೋ ಮುಂಚೆ ಬಿಚ್ಚಿ ಇಟ್ಟುಕೊಂಡಿದ್ದನಂತೆ. ಆ ಎರಡು ತಿಂಗಳೂ ಅದರಲ್ಲೇ ಮಾತಾಡಿದ್ದ. ಅದರ ಮೇಲೆ ಅಣ್ಣನ ಅಂಗಡಿಯ ಚೀಟಿ, ಅಣ್ಣನ ಕೈಬರಹ, ಆ ಹುಡುಗಿಗೆ ಹಾಕಿಕೊಟ್ಟ ತಾರೀಕು.

ಪೊಲೀಸರ ಪಟ್ಟೀಲಿ ಅವೆರಡನ್ನೂ ಬೇರೆ ಬೇರೆ ಬರೆದಿದ್ದಾರೆ. ಏಳನೇದು ಫೋನ್, ಬಾವಿಯಿಂದ, ಬ್ಯಾಟರಿ ಇಲ್ಲ. ಹನ್ನೊಂದನೇದು ಬ್ಯಾಟರಿ, ಆರೋಪಿಯ ಫೋನಿಂದ. ಸುಳ್ಳು ಅನ್ನೋರು ಹೋಗಿ ತೆಗೆಸಿ ನೋಡಿ. ಕೆಳಗೆ ಸಾಕ್ಷಿ ಅಂತ ಇರೋ ಸಹಿ ನನ್ನದೇ.