ಕೇಳಿಸ್ತು ಮಿಸ್

ನೋಡಿ, ಒಂದೂರಿನ ಸರ್ಕಾರಿ ಶಾಲೆಯಲ್ಲಿ ಒಬ್ಬರು ಟೀಚರಮ್ಮ ಇದ್ದರು. ಇಪ್ಪತ್ತಾರು ವರ್ಷದ ಸರ್ವೀಸು. ನಾಲ್ಕನೆಯ ತರಗತಿ, ಐದನೆಯ ತರಗತಿ ಎರಡೂ ಒಂದೇ ಕೋಣೆಯಲ್ಲಿ, ಎರಡೂ ಅವರ ತಲೆಯ ಮೇಲೆ. ಗಂಟಲು ಕಟ್ಟಿರುತ್ತಿತ್ತು, ಮೊಣಕಾಲು ನೋಯುತ್ತಿತ್ತು. ಪಾಠ ಹೇಳುವುದೆಂದರೆ ಮೂಟೆ ಹೊತ್ತ ಹಾಗೆ. ದಣಿದವರನ್ನು ದೂರಲು ನಾವ್ಯಾರು?

ಆ ದಿನದ ಪಾಠ, ಶಬ್ದ ಹೇಗೆ ಸಾಗುತ್ತದೆ ಎನ್ನುವುದು. ಕಾಗದದ ಎರಡು ಟೀ ಲೋಟ, ತಳದಲ್ಲಿ ಒಂದೊಂದು ತೂತು, ನಡುವೆ ಉದ್ದನೆಯ ದಾರ. ಕೋಣೆಯೊಳಗೆ ಒಬ್ಬಳು ಲೋಟದಲ್ಲಿ ಪಿಸುಗುಟ್ಟಬೇಕು, ಜಗಲಿಯ ತುದಿಯಲ್ಲಿ ನಿಂತವರು ಇನ್ನೊಂದು ಲೋಟಕ್ಕೆ ಕಿವಿ ಹಚ್ಚಬೇಕು. ದಾರ ನಡುಗುತ್ತಾ ಮಾತನ್ನು ದಾಟಿಸುತ್ತದೆ. ಟೀಚರಮ್ಮ ಎಲ್ಲವನ್ನೂ ಕಟ್ಟಿಕೊಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ಕೇಳಿಸ್ತಾ?"

"ಕೇಳಿಸ್ತು ಮಿಸ್."

"ಮುಂದಿನೋರು ಬನ್ನಿ. ಕೇಳಿಸ್ತಾ?"

"ಕೇಳಿಸ್ತು ಮಿಸ್."

ಇಪ್ಪತ್ತೊಂದು ಮಕ್ಕಳು, ಇಪ್ಪತ್ತೊಂದು ಸಲ ಇದೇ. ಇಪ್ಪತ್ತೆರಡನೆಯವಳು ಮಹದೇವಿ. ಕಿವಿ ಹಚ್ಚಿ ನಿಂತಳು, ನಿಂತೇ ಇದ್ದಳು.

"ಇಲ್ಲ ಮಿಸ್. ಕೇಳಿಸ್ಲಿಲ್ಲ."

"ಎಲ್ಲಾರ್ಗೂ ಕೇಳಿಸಿದ್ದು ನಿಂಗೊಬ್ಳಿಗೆ ಕೇಳಿಸಲ್ವೇನೆ? ಸರಿಯಾಗಿ ಇಟ್ಕೋ."

"ಇಟ್ಕೊಂಡೆ ಮಿಸ್. ಏನೂ ಬರ್ತಿಲ್ಲ."

ಟೀಚರಮ್ಮನ ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ಕಿವಿ ಮಂದವಾದ ಮಕ್ಕಳ ಹೆಸರನ್ನು ಸಂಜೆಯೊಳಗೆ ಮೇಲಿನ ಆಫೀಸಿಗೆ ಕಳಿಸಬೇಕಿತ್ತು. ಹೆಚ್ಚು ಯೋಚಿಸಲಿಲ್ಲ, ಮಹದೇವಿಯ ಹೆಸರು ಬರೆದರು. ಬರೆದ ಮೇಲೆ ಆ ಹುಡುಗಿಯ ತಾಯಿ ಹೇಳಿದ್ದು ನೆನಪಾಯಿತು. "ಇವ್ಳ ತಲೆಗೆ ಹತ್ತಲ್ಲ ಅನ್ನೋದಾದ್ರೆ ಹೇಳ್ಬುಡಿ ಮೇಡಂ, ನನ್ ಜೊತೆ ಊದುಬತ್ತಿ ಹೊಸೆಯೋಕೆ ಕೂರಿಸ್ಕೋತೀನಿ." ನೋಡಿ, ಒಂದು ಸಾಲು ಬರಹಕ್ಕೆ ಒಂದು ಹುಡುಗಿಯ ಶಾಲೆಯೇ ನಿಂತುಹೋಗಬಹುದು. ಪೆನ್ನು ಕೆಳಗಿಟ್ಟು, ನೋವಿನ ಕಾಲೂರಿ ಎದ್ದು ಬಂದರು.

"ಕೊಡು ಇಲ್ಲಿ."

ಕಿವಿಗೆ ಹಚ್ಚಿದರು. ಏನೂ ಇಲ್ಲ. ದಾರದ ಜಾಡು ಹಿಡಿದು ನೋಡಿದರು. ಅದು ಕಿಟಕಿಯ ಕಟ್ಟೆಯ ಮೇಲೆ ಬಿದ್ದು, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತಾಡುತ್ತಿತ್ತು. ಸಡಿಲಾದ ದಾರದಲ್ಲಿ ಮಾತು ಹೇಗೆ ದಾಟೀತು?

"ಲೋ, ಮೊದಲು ಕೇಳಿದೋನು ನೀನಲ್ವಾ? ಏನು ಕೇಳಿಸ್ತು ಹೇಳು."

"ಅದೇ ಮಿಸ್... ಕೇಳಿಸ್ತು."

"ಏನು?"

ಹುಡುಗ ಕಾಲ ಹೆಬ್ಬೆರಳು ನೋಡಿಕೊಂಡ. ಪಕ್ಕದವಳನ್ನು ಕೇಳಿದರೆ, "ಅವ್ನಿಗೆ ಕೇಳಿಸ್ತಲ್ಲ ಮಿಸ್, ಅದಕ್ಕೇ ನಾನೂ ಅಂದೆ." ಹಿಂದಿನಿಂದ ಇನ್ನೊಬ್ಬಳು ಮೆಲ್ಲಗೆ, "ಇಲ್ಲ ಅಂದ್ರೆ ನೀವು ಬೈತೀರಲ್ಲ ಮಿಸ್" ಎಂದಳು.

ಟೀಚರಮ್ಮನಿಗೆ ಬೈಯುವುದಕ್ಕೂ ತ್ರಾಣ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷ 'ತಿಳೀತಾ' ಎಂದು ಕೇಳಿದ್ದರು, 'ತಿಳೀತು' ಎನ್ನಿಸಿಕೊಂಡಿದ್ದರು. ಏನು ತಿಳಿಯಿತು ಎಂದು ಕೇಳಿದ್ದು ಎಷ್ಟು ಸಲ? ದಾರವನ್ನು ಕಟ್ಟೆಯಿಂದ ಬಿಡಿಸಿ, ತಾವೇ ಲೋಟ ಹಿಡಿದು ಬಿಗಿಯಾಗಿ ಎಳೆದು ನಿಂತರು. ಮಹದೇವಿ ಮತ್ತೆ ಕಿವಿ ಹಚ್ಚಿದಳು.

"ಮಿಸ್, ಬಂತು. ಇವತ್ತು ಬಿಸಿಯೂಟಕ್ಕೆ ಸಾರಲ್ಲ, ಪಲಾವ್ ಅಂತೆ."

ಟೀಚರಮ್ಮ ಒಳಗೆ ಹೋಗಿ ಪಟ್ಟಿಯಲ್ಲಿದ್ದ ಆ ಹೆಸರನ್ನು ಹೊಡೆದು ಹಾಕಿದರು.

ತಾಯಂದಿರೇ, ಅಣ್ಣಂದಿರೇ, ಆ ಇಪ್ಪತ್ತೊಂದು ಮಕ್ಕಳು ಯಾರು? ಅರ್ಧ ಗಂಟೆಯಿಂದ ಈ ಪ್ರವಚನದಲ್ಲಿ ನಾನು 'ಗೊತ್ತಾಯ್ತಾ' ಅಂದಾಗಲೆಲ್ಲ ನೀವು ತಲೆ ಆಡಿಸುತ್ತಿದ್ದೀರಿ. ಏನು ಗೊತ್ತಾಯಿತು ಎಂದು ಕೇಳಲು ನನಗೂ ಧೈರ್ಯವಿಲ್ಲ. ಮನೆಯಲ್ಲಿ ಹೆಂಡತಿ ಏನೋ ಹೇಳುತ್ತಾಳೆ, ಮೊಬೈಲಿನಿಂದ ಕಣ್ಣೆತ್ತದೆ 'ಹ್ಞೂಂ' ಅನ್ನುತ್ತೀರಿ. ಸೊಸೆ 'ಸುಸ್ತಾಗ್ತಿದೆ ಅತ್ತೆ' ಅಂದರೂ ಅದೇ 'ಹ್ಞೂಂ'. ನಿಮಗೂ ದಣಿವು, ನನಗೆ ಗೊತ್ತು. ದೊಡ್ಡ ವ್ರತವೇನೂ ಬೇಡ. ಇವತ್ತಿನಿಂದ, ಕೇಳಿಸದೇ ಇದ್ದರೆ 'ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು' ಅನ್ನಿ. ನಿಮ್ಮ ಮಾತು ಕೇಳಿಸಲಿಲ್ಲ ಎಂದು ಯಾರಾದರೂ ಅಂದರೆ ರೇಗಬೇಡಿ, ಎದ್ದು ಅವರ ಹತ್ತಿರ ಹೋಗಿ ಹೇಳಿ. ಈಗ ತಲೆ ಆಡಿಸಬೇಡಿ. ಮನೆಗೆ ಹೋಗಿ ಮಾಡಿ.