ಮಾವನವರ ಹಳೇ ಪ್ರೊಸೆಸರ್

ಬಾಗಿಲು ಮುಂದಕ್ಕೆ ಎಳೆದು ಕೂತ್ಕೊಳ್ಳಿ. ಇದು ಅವರಿವರ ಬಾಯಿಂದ ಕೇಳಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ನನ್ನಂಥದೇ ಹಟಮಾರಿ ಅವಳು. ಹೆದರಿಸಿದರೆ ಇನ್ನೊಂದು ಹೆಜ್ಜೆ ಮುಂದಿಡೋ ಜಾತಿ.

ಅವತ್ತು ಗುಜರಿ ಅಂಗಡಿಯಿಂದ ಹೊರಟಾಗಲೇ ಹೊತ್ತು ಮೀರಿತ್ತು. ಬೀದಿಯಲ್ಲಿ ನಾಯಿಯೂ ಇಲ್ಲ. ಅವಳ ಗಂಡನ ಮನೆಯವರ ಪ್ರೆಸ್ಸಿಗೆ ತಿರುಗೋ ಮೂಲೆಯಲ್ಲಿ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನು ದಾಟಿದಳು. ಹಿಂದೆ ಸದ್ದಾಯಿತು.

ಸರ್... ಟಪ್. ಸರ್... ಟಪ್.

ಒಂದು ಕಾಲು ಎಳೆದು, ಇನ್ನೊಂದನ್ನು ಊರಿ ನಡೆಯೋರ ಚಪ್ಪಲಿ ಸದ್ದು. ಅವಳು ನಿಂತಳು. ಅದೂ ನಿಂತಿತು. ತಿರುಗಿ ನೋಡಿದರೆ ಜಾಲರಿ, ಗೋಡೆ, ಬೀದಿದೀಪ. ಅಷ್ಟೇ. ಆದರೆ ಆ ನಡಿಗೆ ಅವಳಿಗೆ ಗೊತ್ತು. ಮದುವೆಯಾಗಿ ಬಂದ ದಿನದಿಂದ ಕೇಳಿದ್ದು. ಅವಳ ಮಾವನದು. ಮಾವ ತೀರಿಕೊಂಡು ಆಗಲೇ ವರ್ಷದ ಮೇಲಾಗಿತ್ತು.

ಕೈಯಲ್ಲಿದ್ದ ಪುಟ್ಟ ಡಬ್ಬಿಯನ್ನು ಸೆರಗಿಗೆ ಒತ್ತಿಕೊಂಡು ನಡೆದೇಬಿಟ್ಟಳು. ಓಡಲಿಲ್ಲ. ಓಡಲಿಲ್ಲ ಅನ್ನೋದನ್ನ ಪ್ರತಿ ಸಲವೂ ಒತ್ತಿ ಹೇಳ್ತಾಳೆ.

ಡಬ್ಬಿಯಲ್ಲಿ ಏನಿತ್ತು ಅಂತೀರಾ? ಒಂದು ಪ್ರೊಸೆಸರ್. ಅಂಗೈಯ ನಡುವೆ ಕೂರೋ ಅಷ್ಟು ಚಿಕ್ಕದು, ಕಂಪ್ಯೂಟರಿನ ಮಿದುಳು ಅನ್ನಿ. ಯಾರದೋ ಸತ್ತ ಲ್ಯಾಪ್‌ಟಾಪಿನಿಂದ ಗುಜರಿಯವನು ಕಿತ್ತು ಕೊಟ್ಟದ್ದು.

ಮಾವನ ಕಾಲದಲ್ಲಿ ಅವರದು ಸೀಸದ ಅಚ್ಚುಮೊಳೆ ಜೋಡಿಸಿ ಮುದ್ರಿಸೋ ಪ್ರೆಸ್ಸು. ಕೊನೆಗಾಲದಲ್ಲಿ ಒಂದು ಲ್ಯಾಪ್‌ಟಾಪ್ ತಂದಿಟ್ಟುಕೊಂಡರು. ಒಂದೇ ಬೆರಳಲ್ಲಿ ಕುಟ್ಟೋರು. ಬೇರೆ ಯಾರೂ ಅದರ ಹತ್ತಿರ ಸುಳಿಯೋ ಹಾಗಿಲ್ಲ, ಸೊಸೆಯಂತೂ ಇಲ್ಲವೇ ಇಲ್ಲ. ಇವಳು ಟೀ ತಂದು, ಲೋಟ ಖಾಲಿ ಆಗೋವರೆಗೆ ಬೆನ್ನ ಹಿಂದೆ ನಿಂತು, ನೋಡಿ ನೋಡಿಯೇ ಕೆಲಸ ಕಲಿತಳು. ಅವರು ಹೋದ ಮೇಲೆ ಪ್ರೆಸ್ಸು ನಡೆಸಿದವಳು ಇವಳೇ. ಗಂಡ ಒಳ್ಳೆಯವನು, ಆದರೆ ತಮ್ಮನ ಮುಂದೆ ಬಾಯಿ ಬಿಡೋನಲ್ಲ.

ಆ ತಮ್ಮನಿಗೆ, ಅಂದರೆ ಇವಳ ಮೈದುನನಿಗೆ, ಪ್ರೆಸ್ಸಿನ ಜಾಗದ ಮೇಲೆ ಕಣ್ಣು. ಅದನ್ನ ಯಾರಿಗಾದರೂ ಬಾಡಿಗೆಗೆ ಬಿಡಬೇಕು ಅಂತ ಅವನ ಆಸೆ. ಆ ವಾರ ಒಂದು ಶಾಲೆಯ ವಾರ್ಷಿಕ ಸಂಚಿಕೆಯ ಕೆಲಸ ಬಂದಿತ್ತು. ಲ್ಯಾಪ್‌ಟಾಪೋ, ಒಂದು ಪುಟ ತೆರೆಯೋದರಲ್ಲಿ ಅನ್ನ ಬೇಯುತ್ತಿತ್ತು. ರಿಪೇರಿಯವನು ಮುಟ್ಟಿಯೂ ನೋಡದೆ ಎಸೆದುಬಿಡಿ ಅಂದ. ಮೈದುನ ಅದನ್ನೇ ಕಾದಿದ್ದ.

“ಅತ್ತಿಗೆ, ಬೆಳಗ್ಗೆ ಹೆಡ್‌ಮಿಸ್ಸು ಬಂದಾಗ ಕೆಲಸ ಆಗಿದ್ರೆ ನಾನು ಸೊಲ್ಲೆತ್ತಲ್ಲ. ಆಗಿಲ್ದಿದ್ರೆ ಬೀಗದಕೈ ನನ್ನ ಕೈಗೆ.”

ಆಗಲಿ ಅಂದಳು ಇವಳು. ಚುರುಕಾದ ಪ್ರೊಸೆಸರ್ ಹುಡುಕಿ ಗುಜರಿಗೆ ಹೋದದ್ದು ಅದಕ್ಕೇ.

ಸರಿ. ಪ್ರೆಸ್ಸಿಗೆ ಬಂದು ಷಟರ್ ಎಳೆದುಕೊಂಡಳು. ಮೇಜಿನ ಮುಂದೆ ಮಾವನ ತಿರುಗೋ ಕುರ್ಚಿ. ಅವರು ಹೋದ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಇವಳೂ ಸ್ಟೂಲ್ ಮೇಲೇ ಕೂತು ದುಡಿದವಳು. ಆ ರಾತ್ರಿಯೂ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನಿಂತೇ ಕೆಲಸ ಹಿಡಿದಳು. ಬ್ಯಾಟರಿ ತೆಗೆದಳು. ಹಿಂದಿನ ಮುಚ್ಚಳ ಬಿಚ್ಚಿದಳು. ಕಳಚಿದ ಸ್ಕ್ರೂಗಳನ್ನು ಮುದ್ರಣದವರ ಅಭ್ಯಾಸದಂತೆ ಕಾಗದದ ಮೇಲೆ ಅದದೇ ಜಾಗದಲ್ಲಿ ಜೋಡಿಸಿಟ್ಟಳು. ಫ್ಯಾನಿನ ತುಂಬ ಮಾವನ ನಶ್ಯದ ಪುಡಿ. ಊದಿದಳು.

ಉಹ್ಹುಂ.

ಗಂಟಲು ಸರಿಮಾಡಿಕೊಂಡ ಸದ್ದು... ಪಕ್ಕದಲ್ಲೇ.

ಇವಳ ಕೈ ನಿಂತಿತು. ಆಮೇಲೆ ಮತ್ತೆ ನಡೆಯಿತು. ಹಳೇ ಪ್ರೊಸೆಸರನ್ನು ಹಿಡಿದಿದ್ದ ಸ್ಕ್ರೂ ಸಡಿಲಿಸಿ, ಎತ್ತಿ, ಹಳೇ ಅಚ್ಚುಮೊಳೆಯ ಒಂದು ಖಾನೆಯಲ್ಲಿಟ್ಟಳು. ಹೊಸದನ್ನು ಮೂಲೆಯ ಗುರುತು ನೋಡಿ ಕೂರಿಸಿದಳು. ಸ್ಕ್ರೂ ತಿರುಗಿಸಿದಳು. ಮೇಲೆ ಬಿಸಿ ಎಳೆಯೋ ಪೇಸ್ಟ್ ಕಾಳಿನಷ್ಟು ಹಚ್ಚಿ, ಎಲ್ಲ ಮುಚ್ಚಿ, ಬಟನ್ ಒತ್ತಿದಳು.

ಫ್ಯಾನು ಉಸ್ಸ್ ಅಂತ ಸುತ್ತಿ, ನಿಂತುಹೋಯಿತು. ಪರದೆ ಕಪ್ಪು.

ಮತ್ತೆ ಒತ್ತಿದಳು. ಉಸ್ಸ್... ಕಪ್ಪು.

ಆಗ ಕುರ್ಚಿ ಕಿರ್ರ್ ಅಂತ ತಿರುಗಿತು. ತಾನಾಗಿ. ಇವಳ ಕಡೆಗೆ.

“ಹಳೇದು ಹಾಕು...” ಪಿಸುಮಾತು.

ನಾನಾಗಿದ್ದರೆ ಏನು ಮಾಡ್ತಿದ್ದೆನೋ, ಸುಳ್ಳು ಹೇಳಲ್ಲ. ಹಳೇದು ಹಾಕಿದರೆ ಲ್ಯಾಪ್‌ಟಾಪ್ ಏಳುತ್ತೆ, ಕೆಲಸ ಮುಗಿಯಲ್ಲ, ಬೆಳಗ್ಗೆ ಬೀಗದಕೈ ಹೋಗುತ್ತೆ. ಇವಳಿಗೆ ಅದು ಗೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಎಲ್ಲ ಬಿಚ್ಚಿದಳು. ದೀಪ ಹತ್ತಿರ ಹಿಡಿದಳು. ಪ್ರೊಸೆಸರ್ ನೆಟ್ಟಗೇ ಕೂತಿದೆ. ಮೂಲೆ ಸರಿಯಾಗಿದೆ. ಸ್ಕ್ರೂ...

ಸ್ಕ್ರೂ ಅರ್ಧದಲ್ಲೇ ನಿಂತಿತ್ತು.

ಹಾಗೆ ನಿಲ್ಲಿಸಿದವಳು ಇವಳೇ. ಮಾವ ಬದುಕಿದ್ದಾಗ ದಿನಕ್ಕೊಂದು ಸಲ ಹೇಳೋರು: ಅಚ್ಚುಮೊಳೆ ಕಟ್ಟಿದ ಚೌಕಟ್ಟನ್ನು ಅತಿಯಾಗಿ ಬಿಗಿಯಬೇಡ, ಅಕ್ಷರ ಎದ್ದುಬಿಡುತ್ತೆ. ಒಮ್ಮೆ ಇವಳು ಬಿಗಿದಳು. ಒಂದು ಪುಟದಷ್ಟು ಅಕ್ಷರ ನೆಲಕ್ಕೆ ಚೆಲ್ಲಿತು. ಇಡೀ ಬೀದಿಗೆ ಕೇಳೋ ಹಾಗೆ ಬೈದರು. ಅವತ್ತಿನಿಂದ ಕೈಗೆ ಅದು ಅಂಟಿಕೊಂಡಿತ್ತು. ಯಾವ ಸ್ಕ್ರೂ ಆದರೂ ಮುಕ್ಕಾಲಿಗೆ ಬರೋ ಮೊದಲೇ ಕೈ ತಾನಾಗಿ ನಿಲ್ಲೋದು. ಈ ಸ್ಕ್ರೂ ಹಾಗಲ್ಲ. ಬೀಗದ ಗುರುತು ಮುಟ್ಟೋವರೆಗೆ ತಿರುಗಬೇಕು. ಇಲ್ಲದಿದ್ದರೆ ಪ್ರೊಸೆಸರಿನ ಕಾಲುಗಳನ್ನು ಅದು ಹಿಡಿಯೋದೇ ಇಲ್ಲ.

ತಿರುಪುಳಿ ಇಟ್ಟಳು. ಕಿವಿಯ ಹಿಂದೆ ತಣ್ಣನೆ ಉಸಿರು. ನಶ್ಯದ ವಾಸನೆ.

“ಬಿಗೀಬೇಡ...”

“ಮಾವ, ಅದು ನಿಮ್ಮ ಮೊಳೆಗೆ,” ಅಂದಳು. ಇವಳೂ ಪಿಸುಗುಟ್ಟಿಯೇ. “ಇದು ಬೇರೆ.”

“ಬಿಗೀಬೇಡ ಅಂದೆ...”

“ಬಿಗೀತೀನಿ.”

ತಿರುಗಿಸಿದಳು. ಮುಕ್ಕಾಲು ದಾಟಿಸಿದಳು. ಕಟ್.

ಸಣ್ಣ ಸದ್ದು. ಇಡೀ ಪ್ರೆಸ್ಸಿಗೆ ಕೇಳಿಸಿತು ಅಂತಾಳೆ.

ಮುಚ್ಚಿ ಬಟನ್ ಒತ್ತಿದಳು. ಉಸ್ಸ್... ಉಸ್ಸ್... ನಿಲ್ಲಲಿಲ್ಲ. ಪರದೆ ಬೆಳಗಿತು. ಶಾಲೆಯ ಪುಟಗಳು ಎಲೆ ಮಗುಚಿದ ಹಾಗೆ ಒಂದರ ಹಿಂದೆ ಒಂದು ತೆರೆದುಕೊಂಡವು.

ಇವಳು ಆ ಕುರ್ಚಿಯ ಕಡೆ ತಿರುಗಿದಳು.

“ಏಳಿ ಮಾವ. ಕೂತು ಮಾಡೋ ಕೆಲಸ ಇದೆ.”

ಕಿರ್ರ್. ಭಾರ ಇಳಿದಾಗ ಸೀಟು ಮೇಲೇಳುತ್ತಲ್ಲ, ಹಾಗೆ ಎದ್ದಿತು. ಸರ್... ಟಪ್. ಸರ್... ಟಪ್. ಅಚ್ಚುಮೊಳೆಯ ಖಾನೆಗಳ ಕಡೆ ಹೋಗಿ ಸದ್ದು ನಿಂತಿತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೆಳಕು ಹರಿಯೋವರೆಗೆ ಏಳಲಿಲ್ಲ. ಹೆಡ್‌ಮಿಸ್ಸು ಬಂದು ಪುಟಗಳನ್ನು ನೋಡಿ ಒಪ್ಪಿಕೊಂಡು ಹೋದರು. ಬಾಗಿಲಲ್ಲಿ ನಿಂತಿದ್ದ ಮೈದುನ, ಕುರ್ಚಿಯಲ್ಲಿ ಕೂತಿದ್ದ ಅತ್ತಿಗೆಯನ್ನು ನೋಡಿ, ಟೀ ಆಯ್ತಾ ಅಂತ ಕೇಳಿ ಹೊರಟುಹೋದ. ಬೀಗದಕೈ ಇವತ್ತಿಗೂ ಅವಳ ಸೊಂಟದಲ್ಲಿದೆ.

ಹಳೇ ಪ್ರೊಸೆಸರ್ ಇನ್ನೂ ಆ ಖಾನೆಯಲ್ಲೇ ಇದೆ. ಎಸೆಯೇ ಅಂದೆ ನಾನು. “ಇರಲಿ ಬಿಡಕ್ಕ,” ಅಂದಳು. “ಜಾಗ ಅವರದೇ. ಅಲ್ಲಿರಲಿ. ಕುರ್ಚಿ ಮಾತ್ರ ಕೊಡಲ್ಲ.”

ನೀವು ನಗ್ತೀರಿ. ನಾನೂ ನಕ್ಕಿದ್ದೆ. ನಕ್ಕೇ ಖಾನೆಗೆ ಕೈ ಹಾಕಿದೆ. ಚಳಿಗಾಲದ ಬೆಳಗು. ಸುತ್ತ ಇದ್ದ ಸೀಸದ ಮೊಳೆಗಳು ಬೆರಳು ಕಚ್ಚೋ ಅಷ್ಟು ತಣ್ಣಗಿದ್ದವು. ಪ್ರೊಸೆಸರಿಗೆ ತಂತಿ ಇಲ್ಲ, ಕರೆಂಟ್ ಇಲ್ಲ, ಏನೂ ಇಲ್ಲ. ಅದನ್ನ ಈ ಅಂಗೈ ಮೇಲೇ ಇಟ್ಟುಕೊಂಡು ನೋಡಿದೀನಿ.

ಬೆಚ್ಚಗಿತ್ತು.